ಐದು ಮಿ.ಮೀ. ಮಳೆ ನೂರಿಪ್ಪತ್ತಾದದ್ದು ಹೇಗೆ?

ಪ್ರಶ್ನೆ: ಇಆರ್‌ಎ5-ಲ್ಯಾಂಡ್ ಮರುವಿಶ್ಲೇಷಣೆಯ (ಹಿಂದಿನ ಹವಾಮಾನವನ್ನು ಕಂಪ್ಯೂಟರ್ ಮಾದರಿಯಿಂದ ಮರುರೂಪಿಸಿದ ದತ್ತಾಂಶ) ಗಂಟೆವಾರು ಮಳೆಯನ್ನು ಇಳಿಸಿಕೊಂಡು 24 ಗಂಟೆಗಳದ್ದನ್ನೂ ಕೂಡಿದೆ. ದಿನದ ಮಳೆ ನಂಬಲಾಗದಷ್ಟು ಬರುತ್ತಿದೆ. ಎಲ್ಲಿ ಎಡವಿದ್ದೇನೆ?

ಉತ್ತರ: ಕೂಡಿದ್ದರಲ್ಲೇ. ಈ ದತ್ತಾಂಶದಲ್ಲಿ ಮಳೆ, ಆವಿಯಾಗುವಿಕೆ, ಹರಿದುಹೋಗುವ ನೀರು, ವಿಕಿರಣ ಇವೆಲ್ಲ 00 ಯುಟಿಸಿಯಿಂದ (ವಿಶ್ವ ಪ್ರಮಾಣ ಸಮಯದ ಮಧ್ಯರಾತ್ರಿಯಿಂದ) ಆಯಾ ಗಂಟೆಯವರೆಗಿನ ಮೊತ್ತವಾಗಿಯೇ ಇರುತ್ತವೆ. ಮೊದಲ ಗಂಟೆಯಲ್ಲಿ 5 ಮಿ.ಮೀ. ಸುರಿದು ಮಳೆ ನಿಂತಿತೆನ್ನಿ. 01 ಗಂಟೆಯಿಂದ ಮರುದಿನದ 00 ಗಂಟೆಯವರೆಗೆ 24 ಕಡೆಯೂ 0.005 ಮೀಟರ್ ಎಂದೇ ಕಾಣುತ್ತದೆ. ಕೂಡಿದರೆ 120 ಮಿ.ಮೀ.!

ದಿನದ ಮಳೆಗೆ ಮರುದಿನದ 00 ಗಂಟೆಯ ಒಂದೇ ಸಂಖ್ಯೆ ಸಾಕು. ಅದು ಮೀಟರಿನಲ್ಲಿರುವುದರಿಂದ, ಮಿ.ಮೀ.ಗೆ 1000ದಿಂದ ಗುಣಿಸಿ. ಗಂಟೆಯ ಮಳೆ ಬೇಕಾದರೆ ಹಿಂದಿನ ಗಂಟೆಯದನ್ನು ಕಳೆಯಿರಿ. 01 ಗಂಟೆಯದನ್ನು ಮಾತ್ರ ಇದ್ದಂತೆಯೇ ಬಿಡಿ, ಅಲ್ಲಿ ಎಣಿಕೆ ಹೊಸದಾಗಿ ಶುರುವಾಗಿರುತ್ತದೆ. ಕಳೆದರೆ ಮಳೆ ಸೊನ್ನೆಗಿಂತ ಕೆಳಗಿಳಿದೀತು. ನಿಮ್ಮ ದಿನ ಸ್ಥಳೀಯ ಮಧ್ಯರಾತ್ರಿಗೆ ಆರಂಭವಾಗುವುದಾದರೆ ಮೊದಲು ಗಂಟೆವಾರು ಬಿಡಿಸಿ, ಆಮೇಲೆ ಕೂಡಿ.

ಇಆರ್‌ಎ5ರಲ್ಲಿ (ಲ್ಯಾಂಡ್‌ನ ಮೂಲ ದತ್ತಾಂಶ) ಹೀಗಿಲ್ಲ, ಆಯಾ ಗಂಟೆಯದಷ್ಟೇ ಇರುತ್ತದೆ. ಅದಕ್ಕೆ ಬರೆದ ಸ್ಕ್ರಿಪ್ಟನ್ನೇ ಇದಕ್ಕೂ ಓಡಿಸಿದಾಗ ಈ ಎಡವಟ್ಟು ಆಗುವುದು ಹೆಚ್ಚು. ತಿಂಗಳ ಸರಾಸರಿ ಕಡತದ ಮಳೆ ದಿನವೊಂದರ ಲೆಕ್ಕ. ತಿಂಗಳ ದಿನಗಳಿಂದ ಗುಣಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಹೊಲದಲ್ಲಿ 10 ಸೆಂ.ಮೀ. ಆಳಕ್ಕೆ ಹೂತ ಸೆನ್ಸರ್‌ಗೂ ಇಆರ್‌ಎ5-ಲ್ಯಾಂಡ್‌ನ ಮೊದಲ ಪದರದ ಮಣ್ಣಿನ ತೇವಕ್ಕೂ ತಾಳೆಯಾಗುತ್ತಿಲ್ಲ.

ಉತ್ತರ: ಪದರವೇ ಬೇರೆ. ಇದರಲ್ಲಿರುವ ನಾಲ್ಕು ಪದರಗಳು 0–7, 7–28, 28–100, 100–289 ಸೆಂ.ಮೀ. ನಿಮ್ಮ ಸೆನ್ಸರ್ ಎರಡನೆಯದರಲ್ಲಿದೆ. ಮೇಲಿನ ಒಂದು ಮೀಟರಿನ ಸರಾಸರಿ ಬೇಕಿದ್ದರೆ ಮೂರನ್ನೂ ಸುಮ್ಮನೆ ಕೂಡಿ ಮೂರರಿಂದ ಭಾಗಿಸಬೇಡಿ. ಕ್ರಮವಾಗಿ 7, 21, 72ರಿಂದ ಗುಣಿಸಿ, ಕೂಡಿ, 100ರಿಂದ ಭಾಗಿಸಿ.

ಪದರ ಸರಿಪಡಿಸಿದರೂ ಸಂಖ್ಯೆಗಳು ಪೂರ್ತಿ ಹೊಂದಲಾರವು. ದತ್ತಾಂಶ ನೆಲವನ್ನು ಚೌಕಗಳಾಗಿ ಹಂಚುತ್ತದೆ; ಒಂದು ಚೌಕ ಸುಮಾರು 9 ಕಿ.ಮೀ. ಅಗಲ, ಅಷ್ಟಕ್ಕೂ ಒಂದೇ ಬಗೆಯ ಮಣ್ಣೆಂದು ಮಾದರಿ ಹಿಡಿಯುತ್ತದೆ. ಹಾಗಾಗಿ ನೇರ ಮೌಲ್ಯಕ್ಕಿಂತ, ಎರಡರಲ್ಲೂ ಆಯಾ ಋತುವಿನ ಸರಾಸರಿಯಿಂದ ಎಷ್ಟು ಏರಿಳಿತವಾಗಿದೆ ಎಂಬುದನ್ನು ಹೋಲಿಸುವುದು ಮೇಲು. ಇನ್ನೊಂದು, ಈ ಮಾದರಿಗೆ ನೀರಾವರಿ ಗೊತ್ತೇ ಇಲ್ಲ. ಮಳೆಯಿಲ್ಲದ ವಾರದಲ್ಲಿ ಸೆನ್ಸರ್ ದಿಢೀರನೆ ಏರಿ ದತ್ತಾಂಶ ಇಳಿಯುತ್ತಲೇ ಇದ್ದರೆ, ಸೆನ್ಸರನ್ನು ದೂರುವ ಮೊದಲು ಹೊಲಕ್ಕೆ ನೀರು ಬಿಟ್ಟ ದಿನಾಂಕ ನೋಡಿ.