ಬಡತನಕ್ಕೂ ಬಂದೂಕಿಗೂ ಇರುವ ನಂಟು

ಪ್ರಶ್ನೆ: ಹೊರದೇಶಗಳಲ್ಲಿ ಯುವಕರು ಉಗ್ರಗಾಮಿ ಗುಂಪುಗಳನ್ನು ಸೇರಲು ಬಡತನವೇ ಕಾರಣವೆಂದು ಓದುತ್ತೇವೆ. ನಮ್ಮ ಭಾಗದಲ್ಲಿಯೂ ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಅವರೆಲ್ಲ ದುಡಿಯಲು ಹೋಗುವವರು. ಹಾಗಾದರೆ ಆ ಮಾತು ಎಷ್ಟರಮಟ್ಟಿಗೆ ನಿಜ?
– ಓದುಗರೊಬ್ಬರು, ಚಿಂಚೋಳಿ, ಕಲಬುರಗಿ ಜಿಲ್ಲೆ

ಉತ್ತರ: ಆ ಮಾತು ಪೂರ್ಣ ನಿಜವಲ್ಲ, ಮತ್ತು ಅದನ್ನು ಸಡಿಲವಾಗಿ ಹೇಳುವುದರಿಂದ ಬಡವರೆಲ್ಲರ ಮೇಲೆ ಅನುಮಾನ ಬೀಳುತ್ತದೆ ಎಂಬುದು ನನ್ನ ಆತಂಕ. ಸಿರಿಯಾ ಮತ್ತು ಇರಾಕಿನಲ್ಲಿ ಐಸಿಸ್ ಸೇರಿದ 3,803 ವಿದೇಶಿಯರ ದಾಖಲೆಗಳು ಸೋರಿಕೆಯಾದಾಗ ವಿಶ್ವ ಬ್ಯಾಂಕ್ ಅವುಗಳನ್ನು ಪರಿಶೀಲಿಸಿ 2016ರಲ್ಲಿ ವರದಿ ನೀಡಿತು. ಅವರಲ್ಲಿ ಶೇ 69ರಷ್ಟು ಮಂದಿ ಕನಿಷ್ಠ ಪ್ರೌಢಶಿಕ್ಷಣ ಪಡೆದವರು; ಅನಕ್ಷರಸ್ಥರು ಶೇ 2ಕ್ಕೂ ಕಡಿಮೆ. ಆದರೆ ವಿದ್ಯಾವಂತರಿಗೆ ಕೆಲಸ ಸಿಗದ ದೇಶಗಳಿಂದ ಹೆಚ್ಚು ಜನ ಹೋಗಿದ್ದರು. ಓದಿನ ಜೊತೆಗೆ ಬೆಳೆದ ನಿರೀಕ್ಷೆಗೆ ತಕ್ಕ ದುಡಿಮೆ ಸಿಗದಿರುವುದು ಹಸಿವಿಗಿಂತ ಬೇರೆ ಬಗೆಯ ನೋವು.

ಆಫ್ರಿಕಾದ ಚಿತ್ರ ಹೀಗಿಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ನೈಜೀರಿಯಾ, ಸೊಮಾಲಿಯಾ, ಮಾಲಿ ಸೇರಿದಂತೆ ಎಂಟು ದೇಶಗಳಲ್ಲಿ ಸುಮಾರು 2,200 ಜನರನ್ನು ಮಾತನಾಡಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸ್ವಇಚ್ಛೆಯಿಂದ ಸೇರಿದವರಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಂದಿ ಉದ್ಯೋಗವನ್ನೇ ಮುಖ್ಯ ಕಾರಣವೆಂದರು. ಧರ್ಮವೆಂದವರು ಶೇ 17. ಅಲ್ಲಿ ಶಾಲೆಯಲ್ಲಿ ಕಳೆದ ಒಂದೊಂದು ಹೆಚ್ಚುವರಿ ವರ್ಷವೂ ಸೇರುವ ಸಾಧ್ಯತೆಯನ್ನು ಶೇ 13ರಷ್ಟು ತಗ್ಗಿಸಿತ್ತು. ಬೇರೆ ಕೂಲಿಯೇ ಇಲ್ಲದ ಕಡೆ ಗುಂಪು ಕೊಡುವ ಸಂಬಳವೇ ಕೂಲಿಯಾಗುತ್ತದೆ. ಗುಳೆ ಹೋಗುವ ನಮ್ಮವರಿಗೆ, ಎಷ್ಟೇ ಕಷ್ಟದ್ದಾದರೂ, ಕಟ್ಟಡದ ಕೆಲಸವಿದೆ, ಹಬ್ಬಕ್ಕೆ ಮರಳಲು ಊರಿದೆ.

ಹಣವೊಂದರಿಂದಲೇ ಎಲ್ಲವನ್ನೂ ವಿವರಿಸಲೂ ಆಗದು. ಅದೇ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಸೇರಿದವರ ಪೈಕಿ ಸುಮಾರು ಅರ್ಧದಷ್ಟು ಜನ ಯಾವುದೋ ಒಂದು ಘಟನೆಯ ನಂತರ ಸೇರಿದೆವೆಂದರು. ಅಂಥವರಲ್ಲಿ ಶೇ 71ರಷ್ಟು ಮಂದಿ ಹೇಳಿದ್ದು ಮಾನವ ಹಕ್ಕುಗಳ ಉಲ್ಲಂಘನೆಯನ್ನು, ಅನೇಕ ವೇಳೆ ಭದ್ರತಾ ಪಡೆಗಳೇ ನಡೆಸಿದ್ದನ್ನು. ಕೆಲಸವಿಲ್ಲದ ಯುವಕನ ಕಣ್ಣೆದುರಿಗೇ ತಂದೆಯನ್ನು ಎಳೆದೊಯ್ದರೆ, ಅಲ್ಲಿಯವರೆಗೆ ಅವನನ್ನು ತಡೆದಿದ್ದ ವಿವೇಕವೂ ಸಡಿಲವಾಗುತ್ತದೆ.

ಗುಂಪು ಬಿಟ್ಟು ಬಂದವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ಕೊಡುವೆವೆಂದಿದ್ದ ಹಣ ಕೈಗೆ ಬಾರದಿದ್ದುದು. ಹಾಗೆ ಮರಳಿದವರಿಗೆ ಮೊದಲು ಬೇಕಾಗುವುದು ಒಂದು ಕೆಲಸ ಮತ್ತು ಅವರನ್ನು ಒಳಗೆ ಬಿಟ್ಟುಕೊಳ್ಳುವ ಒಂದು ಊರು.