ಸಿಬಿಡಿ ಎಣ್ಣೆ: ಅಮ್ಮನಿಗೆ ಕೊಡುವ ಮೊದಲು

ಅಮ್ಮನ ಮಂಡಿ ನೋವಿಗೆ ಸಿಬಿಡಿ ಎಣ್ಣೆ, ಅಂದರೆ ಗಾಂಜಾ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಇರುವ ಎಣ್ಣೆ, ಕೊಡಬೇಕೆಂದಿದ್ದೀರಿ. ಅದರಿಂದ ನಶೆ ಏರುತ್ತದಾ, ಬಾಟಲಿಯ ಮೇಲೆ ಬರೆದ 1000 ಮಿಲಿಗ್ರಾಂ ಎಂದರೇನು, ಅಮ್ಮನ ಔಷಧಿಯ ಜೊತೆ ಕೊಡಬಹುದಾ ಎಂದು ಕೇಳಿದ್ದೀರಿ. ಮೊದಲು ಆ ಕೊನೆಯ ಪ್ರಶ್ನೆಗೇ ಬರುತ್ತೇನೆ, ಅದೇ ಮುಖ್ಯ. ಅಮ್ಮ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ ಎಂದಿದ್ದೀರಿ. ಹಾಗಿದ್ದರೆ ಡಾಕ್ಟರನ್ನು ಕೇಳದೆ ಒಂದು ಹನಿಯನ್ನೂ ಕೊಡಬೇಡಿ. ವಾರ್ಫರಿನ್ ಅನ್ನು ಕರಗಿಸುವ ಲಿವರ್ ಕಿಣ್ವಗಳನ್ನು ಸಿಬಿಡಿ ತಡೆಯುತ್ತದೆ. ಆಗ ಔಷಧಿ ಮೈಯಲ್ಲಿ ಜಾಸ್ತಿ ಉಳಿದು ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗಿಡದಿಂದ ಬಂದದ್ದು, ಏನೂ ಆಗಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ನಶೆ ಏರುತ್ತದಾ ಎಂದರೆ, ಇಲ್ಲ. ಗಾಂಜಾ ಗಿಡದಲ್ಲಿ ನಶೆ ಕೊಡುವುದು ಟಿಎಚ್‌ಸಿ, ಸಿಬಿಡಿ ಅಲ್ಲ. ಆದರೆ 'ಫುಲ್ ಸ್ಪೆಕ್ಟ್ರಮ್' ಎಂದು ಬರೆದಿದ್ದರೆ ಸ್ವಲ್ಪ ಟಿಎಚ್‌ಸಿಯೂ ಇರುತ್ತದೆ. 'ಐಸೊಲೇಟ್' ಎಂದರೆ ಬರೀ ಸಿಬಿಡಿ.

ಇನ್ನು ಬಾಟಲಿಯ ಲೆಕ್ಕ. 1000 ಮಿಲಿಗ್ರಾಂ ಅನ್ನೋದು ಇಡೀ 30 ಮಿಲಿ ಬಾಟಲಿಗೆ, ಹನಿಗಲ್ಲ. ಅಂದರೆ 1 ಮಿಲಿಗೆ ಸುಮಾರು 33 ಮಿಲಿಗ್ರಾಂ. 1 ಮಿಲಿಗೆ 20 ಹನಿ ಎಂದುಕೊಂಡರೆ ಹನಿಗೆ ಒಂದೂವರೆ ಮಿಲಿಗ್ರಾಂಗಿಂತ ತುಸು ಜಾಸ್ತಿ.

ಅದೂ ಲೇಬಲ್ ನಿಜ ಹೇಳಿದರೆ ಮಾತ್ರ! ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಅದರಲ್ಲಿ ಲೇಬಲ್‌ಗೆ ಸರಿಹೊಂದುವಷ್ಟು ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. ಹಾಗಾಗಿ ಆ ಬ್ಯಾಚಿನ ಸ್ವತಂತ್ರ ಲ್ಯಾಬ್ ವರದಿ ಕೇಳಿ. ಕೊಡದಿದ್ದರೆ ಆ ಬಾಟಲಿ ಬೇಡ.

ಮಂಡಿ ನೋವಿಗೆ ಗ್ಯಾರಂಟಿ ಎಂಬ ಜಾಹೀರಾತಿಗೆ ಗಟ್ಟಿ ಆಧಾರವಿಲ್ಲ. ಸಿಬಿಡಿಗೆ ಬಲವಾದ ಪುರಾವೆ ಇರುವುದು ಕೆಲವು ಅಪರೂಪದ ಮೂರ್ಛೆರೋಗಗಳಲ್ಲಿ. ಅದಕ್ಕೆಂದೇ ಎಪಿಡಿಯೊಲೆಕ್ಸ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಮ್ಮನ ಡಾಕ್ಟರ್ ಹತ್ತಿರ ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.