ದೊಡ್ಡ ಲ್ಯಾಬ್ ಇಲ್ದೆ ರಿಸರ್ಚ್ ಮಾಡ್ಸೋದು ಹೆಂಗ್ರೀ?

ಪ್ರಶ್ನೆ: ಮೆಡಿಕಲ್ ಕಾಲೇಜಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಇದೀನಿ ಸರ್. ಸೆಕೆಂಡ್ ಇಯರ್ ಹುಡುಗ್ರು ಬಂದು ಟ್ರಾನ್ಸ್‌ಲೇಶನಲ್ ರಿಸರ್ಚ್ ಮಾಡ್ತೀವಿ, ಗೈಡ್ ಆಗಿ ಅಂತಾರೆ. ಇಲ್ಲಿ ದೊಡ್ಡ ಲ್ಯಾಬ್ ಇಲ್ಲ, ಏನ್ ಹೇಳ್ಲಿ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಲ್ಯಾಬಲ್ಲಿ ಗೊತ್ತಾಗಿದ್ದನ್ನ ರೋಗಿ ತನಕ, ಅಲ್ಲಿಂದ ಊರಿನ ತನಕ ಮುಟ್ಟಿಸೋದೇ ಈ ಕೆಲ್ಸ ಅಲ್ವೇನ್ರೀ, ಮೊದಲ್ನೇ ತುದಿ ನಿಮ್ಮತ್ರ ಇಲ್ಲಾಂದ್ರೆ ಕೊನೇ ತುದಿ ಹಿಡೀರಿ. ಓಆರ್‌ಎಸ್ (ಭೇದಿ ಆದವ್ರಿಗೆ ಕುಡಿಸೋ ಉಪ್ಪು-ಗ್ಲೂಕೋಸ್ ನೀರು) ನೋಡ್ರಿ, ಕರುಳು ಗ್ಲೂಕೋಸ್ ಜೊತೆ ಸೋಡಿಯಂ ಹೀರ್ಕೊಳ್ಳುತ್ತೆ ಅಂತ 1960ರಲ್ಲೇ ವಿಜ್ಞಾನಿ ರಾಬರ್ಟ್ ಕ್ರೇನ್ ಹೇಳಿದ್ರು, ಆದ್ರೆ ಅದರ ತಾಕತ್ತು ಜಗತ್ತಿಗೆ ಕಂಡಿದ್ದು 1971ರಲ್ಲಿ, ಬಾಂಗ್ಲಾ ನಿರಾಶ್ರಿತರ ಕ್ಯಾಂಪಲ್ಲಿ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮಲ್ಲಿ ಕಲಸಿ ಕಾಲರಾದವ್ರಿಗೆ ಕುಡಿಸಿದಾಗ.

ನಿಮ್ಮ ಜಿಲ್ಲೇಲೇ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು ಅಂತ ಪುಸ್ತಕದಲ್ಲಿದೆ, ಹಲ್ಲು ಮೂಳೆ ಹೆಂಗೆ ಹಾಳಾಗ್ತವೆ ಅನ್ನೋದೂ ಇದೆ, ಆದ್ರೆ ಶುದ್ಧ ನೀರಿನ ಘಟಕ ಪಕ್ಕದಲ್ಲೇ ಇದ್ರೂ ಕೆಲವ್ರು ಬೋರ್ ನೀರೇ ಯಾಕೆ ಕುಡೀತಾರೆ, ದುಡ್ಡಾ, ರುಚಿಯಾ, ಮಷಿನ್ ಕೆಟ್ಟಿದ್ಯಾ? ಅದನ್ನ ಹುಡುಗ್ರು ಮನೆ ಮನೆಗೆ ಹೋಗಿ ಕೇಳ್ಲಿ. ಅದೂ ಟ್ರಾನ್ಸ್‌ಲೇಶನಲ್ಲೇ.

ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮೆಡಿಕಲ್ ಹುಡುಗ್ರ ರಿಸರ್ಚ್‌ಗೆ ಅಂತ ನಡೆಸೋ ಎಸ್‌ಟಿಎಸ್ ಸ್ಕೀಮು 1979ರಿಂದ ಇದೆ, ಎರಡು ತಿಂಗಳ ಕೆಲ್ಸ, ಅದಕ್ಕೆ ಹಾಕ್ಸಿ. ಪ್ರಪೋಸಲ್ ಅವ್ರೇ ಬರೀಲಿ, ನೀವು ತಿದ್ರಿ ಸಾಕು (ಪೂರ್ತಿ ಬರ್ಕೊಡೋ ಗೈಡ್‌ಗಳಿದಾರೆ, ಹಂಗಾಗ್ಬೇಡಿ). ಎಥಿಕ್ಸ್ ಕಮಿಟಿ ಪರ್ಮಿಷನ್ ಸಿಗೋ ತನಕ ಯಾರ ಮನೆಗೂ ಕಳಿಸ್ಬೇಡಿ. ಪೇಪರಲ್ಲಿ ಯಾರ ಹೆಸರು ಮೊದಲು ಅನ್ನೋದು ಶುರುವಲ್ಲೇ ಮಾತಾಡ್ಬಿಡ್ರಿ, ಆಮೇಲೆ ಅದರ ಮೇಲೇ ಮುನಿಸು ಜಾಸ್ತಿ.